ಸಾಂತಾ ಮೋನಿಕಾದ ಗೋದಲಿಗಳು ಮತ್ತು ಖಾಲಿ ಬಿಟ್ಟ ಜಾಗಗಳು

ನಿನ್ನೆ ರಾತ್ರಿ ಬಂಧುಗಳ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಕ್ಯಾಲಿಫೋರ್ನಿಯಾದಿಂದ ರಜೆಗೆ ಬಂದಿದ್ದ ಯುವಕರೊಬ್ಬರು ಸಾಂತಾ ಮೋನಿಕಾ ನಗರದ ಉದ್ಯಾನದಿಂದ ಕ್ರಿಸ್‌ಮಸ್ ಗೋದಲಿಗಳು, ಅಂದರೆ ಯೇಸುವಿನ ಜನನದ ದೃಶ್ಯಗಳು, ತೆರವಾದ ಪ್ರಸಂಗವನ್ನು ವಿಚಾರವಾದದ ದೊಡ್ಡ ಗೆಲುವೆಂದು ಬಣ್ಣಿಸಿದರು. ಅವರು ತಿಳಿದವರು, ಸಜ್ಜನರು. ಆದರೂ ಅವರ ದನಿಯಲ್ಲಿದ್ದ ಸಂತೋಷ ನನ್ನನ್ನು ನೋಯಿಸಿತು. ಅತಿಥಿಯಾಗಿ ಹೋದ ಮನೆಯಲ್ಲಿ ವಾದ ಬೆಳೆಸಬಾರದೆಂದು ಅಲ್ಲಿ ಸುಮ್ಮನಿದ್ದೆ, ಇಲ್ಲಿ ಸುಮ್ಮನಿರಲಾರೆ.

ವಿಷಯ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಸಾಂತಾ ಮೋನಿಕಾದಲ್ಲಿ ಪೆಸಿಫಿಕ್ ಸಾಗರಕ್ಕೆ ಮುಖ ಮಾಡಿದ ಎತ್ತರದ ದಂಡೆಯ ಮೇಲೆ ಪ್ಯಾಲಿಸೇಡ್ಸ್ ಪಾರ್ಕ್ ಎಂಬ ಉದ್ದನೆಯ ಉದ್ಯಾನವಿದೆ. 1953ರಿಂದ ಪ್ರತಿ ಡಿಸೆಂಬರಿನಲ್ಲಿ ಅಲ್ಲಿನ ಕ್ರೈಸ್ತರು ಯೇಸುವಿನ ಜನನದ ಕಥೆ ಹೇಳುವ ದೃಶ್ಯಗಳನ್ನು ಆಳೆತ್ತರದ ಬೊಂಬೆಗಳೊಂದಿಗೆ ಸಾಲಾಗಿ ನಿಲ್ಲಿಸುತ್ತಿದ್ದರು. ಒಟ್ಟು 14 ದೃಶ್ಯಗಳು. ಆ ಊರಿಗೆ 'ಕ್ರಿಸ್‌ಮಸ್ ಕಥೆಯ ನಗರ' ಎಂಬ ಹೆಸರೇ ಬಂದಿತ್ತು. ಜಾಗಕ್ಕೆ ಅರ್ಜಿ ಹಾಕುವ ಅವಕಾಶ ಇತರರಿಗೂ ಇತ್ತು. 2011ರಲ್ಲಿ ಅರ್ಜಿಗಳು ಹೆಚ್ಚಾದಾಗ ನಗರಾಡಳಿತ 21 ಜಾಗಗಳಿಗೆ ಚೀಟಿ ಎತ್ತಿತು. ನಾಸ್ತಿಕರ ಪಾಲಿಗೆ 18 ಬಂದವು, ಒಂದು ಯಹೂದಿ ಗುಂಪಿಗೆ ಹೋಯಿತು, ಗೋದಲಿಯವರಿಗೆ ಉಳಿದದ್ದು ಎರಡು. ಚೀಟಿ ಎತ್ತಿದ್ದರಲ್ಲಿ ಮೋಸವಿರಲಿಲ್ಲ, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ತಮಗೆ ದಕ್ಕಿದ 18 ಜಾಗಗಳಲ್ಲಿ ಸುಮಾರು ಅರ್ಧದಷ್ಟನ್ನು ಅವರು ಬಳಸಲೇ ಇಲ್ಲ. ಒಂದು ಫಲಕವಿಲ್ಲ, ಒಂದು ಸಾಲಿನ ಬರಹವಿಲ್ಲ. 14 ದೃಶ್ಯಗಳಲ್ಲಿ ಬಹುಪಾಲಿಗೆ ಜಾಗವಿಲ್ಲದಿದ್ದ ಅದೇ ಡಿಸೆಂಬರಿನಲ್ಲಿ ಅದೇ ಉದ್ಯಾನದ ಜಾಗಗಳು ಬರಿದಾಗಿ ನಿಂತಿದ್ದವು.

ನನ್ನ ಸಿಟ್ಟು ಇರುವುದು ಇಲ್ಲಿ. ಅವರು ನಿಲ್ಲಿಸಿದ ಫಲಕಗಳ ಮೇಲೆ ನನಗೆ ಸಿಟ್ಟಿಲ್ಲ. ಒಂದು ಫಲಕದಲ್ಲಿ ಗ್ರೀಕರ ಸಮುದ್ರದೇವತೆ ಪೊಸೈಡನ್, ಯೇಸು, ಸಾಂತಾಕ್ಲಾಸ್ ಮತ್ತು ಸೈತಾನರನ್ನು ಒಂದೇ ಸಾಲಿನಲ್ಲಿರಿಸಿ ಎಲ್ಲವೂ ಪುರಾಣವೇ ಎಂದು ಸೂಚಿಸಿದ್ದರು. ಓದಿದರೆ ನನ್ನ ಮನಸ್ಸಿಗೆ ನೋವಾಗುತ್ತದೆ, ನಿಜ. ಆದರೆ ಅದು ಮಾತು, ಮಾತಿಗೆ ಮಾತಿನಿಂದ ಉತ್ತರಿಸಬಹುದು. ಆ ಫಲಕಗಳಲ್ಲಿ ಹೆಚ್ಚಿನವನ್ನು ಯಾರೋ ಕೆಡಿಸಿದರು. ಅದು ಹೇಡಿಗಳ ಕೆಲಸ. ಕ್ರಿಸ್ತನ ಹೆಸರಿನಲ್ಲಿ ಮಾಡಿದ್ದರೆ ಪಾಪದ ಕೆಲಸವೂ ಹೌದು. ಆದರೆ ಖಾಲಿ ಬಿಟ್ಟ ಜಾಗಕ್ಕೆ ಯಾವ ಉತ್ತರ ಕೊಡುವುದು? ತನಗೆ ಹೇಳಲು ಏನೂ ಇಲ್ಲದ ಕಡೆಯಲ್ಲೂ ಇನ್ನೊಬ್ಬರು ಹೇಳದಂತೆ ತಡೆದು ನಿಂತದ್ದನ್ನು ನಾನು ವಿಚಾರವಾದವೆಂದು ಕರೆಯಲಾರೆ.

ಸಾರ್ವಜನಿಕ ಜಾಗದಲ್ಲಿ ಧರ್ಮ ಇರಬಾರದು, ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯೇ ಹಾಗೆ ಹೇಳುತ್ತದೆ ಎಂದು ಆ ಯುವಕರು ವಾದಿಸಿದರು. ಆ ತಿದ್ದುಪಡಿ ಸರ್ಕಾರ ಒಂದು ಧರ್ಮವನ್ನು ಸ್ಥಾಪಿಸುವುದನ್ನು ತಡೆಯುತ್ತದೆ. ಅದೇ ಉಸಿರಿನಲ್ಲಿ ಪ್ರಜೆಯ ಧರ್ಮಾಚರಣೆಯನ್ನೂ ಮಾತಿನ ಸ್ವಾತಂತ್ರ್ಯವನ್ನೂ ಕಾಯುತ್ತದೆ. 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಗಳಲ್ಲಿ ಅಧಿಕಾರಿಗಳು ರಚಿಸಿದ ಪ್ರಾರ್ಥನೆಯನ್ನು ನಿಲ್ಲಿಸಿದ್ದು ಸರಿಯಾದ ತೀರ್ಪೆಂದೇ ನಾನು ನಂಬುತ್ತೇನೆ, ಏಕೆಂದರೆ ತರಗತಿಯ ಮಗು ಎದ್ದು ಹೊರಗೆ ಹೋಗಲಾರದು. ಉದ್ಯಾನದಲ್ಲಿ ನಡೆಯುವವರಿಗೆ ಅಂಥ ಕಟ್ಟುಪಾಡು ಯಾವುದಿತ್ತು? ಗೋದಲಿಯ ಮುಂದೆ ಯಾರನ್ನೂ ಮಂಡಿಯೂರಿಸಲಿಲ್ಲ. ಅದು ನಗರಾಡಳಿತದ ಮಾತೂ ಆಗಿರಲಿಲ್ಲ, ಊರಿನ ಕೆಲವರ ಮಾತಾಗಿತ್ತು. ಕಣ್ಣಿಗೆ ಬೀಳುವುದನ್ನೇ ಬಲವಂತವೆಂದು ಕರೆದರೆ ಬೀದಿಯಲ್ಲಿ ಯಾರ ನಂಬಿಕೆಗೂ, ಯಾರ ಅಪನಂಬಿಕೆಗೂ ಜಾಗ ಉಳಿಯುವುದಿಲ್ಲ.

ನಾನು ಮಂಗಳೂರಿನ ಕಥೋಲಿಕ ಮನೆಯವಳೆಂಬುದು ನಿಮಗೆಲ್ಲ ಗೊತ್ತು. ಜನವರಿಯಲ್ಲಿ ಮಿಲಾಗ್ರಿಸ್ ಇಗರ್ಜಿಯಿಂದ ರೊಸಾರಿಯೊ ಕೆಥೆಡ್ರಲ್‌ಗೆ ಸಾಗುವ ಪರಮಪ್ರಸಾದದ ಮೆರವಣಿಗೆಯಲ್ಲಿ ನಡೆದು ಬೆಳೆದವಳು ನಾನು. ನಾವು ನಡೆಯುವುದು ಊರಿನ ರಸ್ತೆಯಲ್ಲಿ, ದಸರೆಯ ಮೆರವಣಿಗೆಯನ್ನೂ ಕಂಡ ಊರಿನಲ್ಲಿ. 2008ರ ಸೆಪ್ಟೆಂಬರ್‌ನಲ್ಲಿ ಇದೇ ಊರಿನಲ್ಲಿ ನಮ್ಮ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದಾಗ ಪಟ್ಟ ಭಯ ಇನ್ನೂ ನೆನಪಿದೆ. ಆ ದಾಳಿಕೋರರಿಗೂ ಸಾಂತಾ ಮೋನಿಕಾದ ನಾಸ್ತಿಕರಿಗೂ ಹೋಲಿಕೆ ಮಾಡುವುದು ಅನ್ಯಾಯ, ನಾನದನ್ನು ಮಾಡುವುದಿಲ್ಲ; ಅವರು ಕಾನೂನಿನಂತೆ ಅರ್ಜಿ ಹಾಕಿದವರು. ಆದರೆ ಸಂಖ್ಯೆಯಲ್ಲಿ ಚಿಕ್ಕದಾದ ಸಮುದಾಯದಿಂದ ಬಂದವಳಾಗಿ, ನಂಬಿಕೆಯನ್ನು ನಾಲ್ಕು ಜನರ ನಡುವೆ ಹೇಳಿಕೊಳ್ಳುವ ಹಕ್ಕನ್ನು ನಾನು ಹಗುರವಾಗಿ ಕಾಣಲಾರೆ. ಮನೆಯೊಳಗೆ ಪ್ರಾರ್ಥಿಸಿಕೊಳ್ಳಿ, ಯಾರು ಬೇಡವೆಂದರು ಎಂಬ ಮಾತನ್ನು ನಾವು ಬೇರೆಯವರ ಬಾಯಿಂದಲೂ ಕೇಳಿದ್ದೇವೆ.

ನಮ್ಮಲ್ಲೂ ವಿಚಾರವಾದಿಗಳಿದ್ದರು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ಪವಾಡ ಮಾಡುವೆನೆಂದವರನ್ನು ಪರೀಕ್ಷೆಗೆ ಕರೆದರು. ಆ ಧೈರ್ಯಕ್ಕೆ ನಂಬಿಕಸ್ಥಳಾದ ನಾನೂ ತಲೆಬಾಗುತ್ತೇನೆ. ಅವರು ಎದುರು ಪಕ್ಷದವರನ್ನು ಮಾತಿಗೆ ಕರೆದರು, ಜಾಗ ಹಿಡಿದು ಅವರನ್ನು ಹೊರಗಿಡಲಿಲ್ಲ.

2012ರಲ್ಲಿ ನಗರಾಡಳಿತ ಈ ಜಗಳವೇ ಬೇಡವೆಂದು ಉದ್ಯಾನದಲ್ಲಿ ಯಾರೂ ಜೊತೆಗಿರದೆ ನಿಲ್ಲಿಸಿ ಹೋಗುವ ಎಲ್ಲ ಖಾಸಗಿ ಪ್ರದರ್ಶನಗಳನ್ನೂ ನಿಷೇಧಿಸಿತು. ಗೋದಲಿ ಸಮಿತಿ ನ್ಯಾಯಾಲಯಕ್ಕೆ ಹೋಯಿತು, ಸೋತಿತು; 2015ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ನಿಷೇಧ ಎಲ್ಲರಿಗೂ ಸಮನಾಗಿ ಅನ್ವಯಿಸುವುದರಿಂದ ಕಾನೂನಿನ ದೃಷ್ಟಿಯಲ್ಲಿ ಆ ತೀರ್ಪು ನಿಲ್ಲುತ್ತದೆ ಎಂದು ಒಪ್ಪುತ್ತೇನೆ. ಆದರೆ ಆ ಸಮಾನತೆ ಬಂದದ್ದು ಎಲ್ಲರ ಬಾಯನ್ನೂ ಮುಚ್ಚಿಸಿ. ಗೋದಲಿಗಳು ಖಾಸಗಿ ಜಾಗಕ್ಕೆ ಹೋದವು. ಯಹೂದಿ ಗುಂಪಿಗೂ, ಸ್ವತಃ ನಾಸ್ತಿಕರಿಗೂ ಅಲ್ಲಿ ಏನನ್ನಾದರೂ ನಿಲ್ಲಿಸಿ ಹೋಗುವ ಅವಕಾಶ ತಪ್ಪಿತು. ಹಾಗಾದರೆ ನಿನ್ನೆಯ ಆ ಸಂತೋಷ ಯಾತಕ್ಕಾಗಿ? ಆ ಯುವಕರು ಇದನ್ನು ಓದುತ್ತಾರೆಂದು ನನಗೆ ಗೊತ್ತು. ಅವರ ಉತ್ತರಕ್ಕೆ ಈ ಬರಹದ ಕೆಳಗೆ ಬೇಕಾದಷ್ಟು ಜಾಗವಿದೆ, ಎಷ್ಟೇ ಕಟುವಾಗಿದ್ದರೂ ನಾನದನ್ನು ಅಳಿಸುವುದಿಲ್ಲ.