ಸಿವಿಗೆ ಫೋಟೋ ಹಾಕಬೇಕಾ, ಬೇಡವಾ?

ಪರ: ಹೇಗೂ ನೋಡುತ್ತಾರೆ, ನಾವು ಆರಿಸಿದ್ದನ್ನೇ ನೋಡಲಿ

ಫೋಟೋ ಹಾಕದಿದ್ದರೆ ಮುಖ ನೋಡಿ ಯಾರೂ ಅಳೆಯುವುದಿಲ್ಲ ಅನ್ನುವವರಿದ್ದಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಅರ್ಜಿ ತಲುಪಿದ ಮೇಲೆ ಆ ಕಡೆ ಏನಾಗುತ್ತದೆ? ಸಿವಿ ಸ್ವಲ್ಪ ಹಿಡಿಸಿದರೆ ಸಾಕು, ಎಷ್ಟೋ ಎಚ್‌ಆರ್‌ನವರು ಆ ಹೆಸರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕುತ್ತಾರೆ. 2003ರಲ್ಲಿ ಶುರುವಾದಾಗ ಲಿಂಕ್ಡ್‌ಇನ್‌ನಲ್ಲೂ ಪ್ರೊಫೈಲ್ ಫೋಟೋ ಇರಲಿಲ್ಲ, 2007ರಲ್ಲಿ ಬಂತು. ಈಗ ಅಲ್ಲಿ ಫೋಟೋ ಇಲ್ಲದ ಪ್ರೊಫೈಲ್ ಕಂಡರೆ ಇದು ಅಸಲಿಯೋ ನಕಲಿಯೋ ಅನ್ನುವ ಅನುಮಾನವೇ ಮೊದಲು ಬರುತ್ತದೆ. ಅಲ್ಲಿ ಸಿಗದಿದ್ದರೆ ಗೂಗಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ. ಕಾಲೇಜ್ ಟ್ರಿಪ್ಪಿನಲ್ಲಿ ಯಾರೋ ಟ್ಯಾಗ್ ಮಾಡಿದ, ಅರ್ಧ ಕಣ್ಣು ಮುಚ್ಚಿದ ಫೋಟೋ ಮೊದಲು ಸಿಕ್ಕರೂ ಸಿಗಬಹುದು. ಅದನ್ನು ಆರಿಸಿದ್ದು ನೀವಲ್ಲ. ಸಿವಿಯದ್ದನ್ನಾದರೂ ನೀವೇ ಆರಿಸಬಹುದಲ್ವಾ?

ಫೋಟೋ ನೋಡಿ ಭೇದ ಮಾಡುವವರು ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದ್ದಾರೆ. ಆದರೆ ಅಂಥವರು ಇಂಟರ್‌ವ್ಯೂ ದಿನವೂ ಅದನ್ನೇ ಮಾಡುತ್ತಾರೆ. ರಜೆ ಹಾಕಿ, ಒಳ್ಳೇ ಬಟ್ಟೆ ಹಾಕಿಕೊಂಡು ಹೋಗಿ, ಐದು ನಿಮಿಷದಲ್ಲಿ 'ತಿಳಿಸುತ್ತೇವೆ' ಅನ್ನಿಸಿಕೊಂಡು ಬರುವುದಕ್ಕಿಂತ, ಅವರು ಮೊದಲೇ ಕರೆಯದಿದ್ದರೆ ನಮ್ಮ ಒಂದು ದಿನವಾದರೂ ಉಳಿಯುತ್ತದೆ.

ಇನ್ನು, ಸಿವಿ ನೋಡುವವರ ಅಭ್ಯಾಸ ಎಲ್ಲಾ ಕಡೆ ಒಂದೇ ಥರ ಇಲ್ಲ. ಜಪಾನಿನ ಅರ್ಜಿ ನಮೂನೆಯಲ್ಲಿ ಫೋಟೋಗೆಂದೇ ಒಂದು ಚೌಕ ಇರುತ್ತದೆ. ಸಾಮಾನ್ಯವಾಗಿ 4 ಸೆಂ.ಮೀ. ಎತ್ತರ, 3 ಸೆಂ.ಮೀ. ಅಗಲ. 2021ರಲ್ಲಿ ಅಲ್ಲಿನ ಕಾರ್ಮಿಕ ಸಚಿವಾಲಯ ಹೊಸ ಮಾದರಿ ತಂದಾಗ, ಗಂಡೋ ಹೆಣ್ಣೋ ಅನ್ನುವ ಕಾಲಂ ತುಂಬಲೇಬೇಕು ಅಂತೇನಿಲ್ಲ ಎಂದಿತು. ಫೋಟೋ ಚೌಕ ಮಾತ್ರ ಅಲ್ಲೇ ಉಳಿಯಿತು. ಜರ್ಮನಿಯಲ್ಲಿ 2006ರಲ್ಲಿ ಸಮಾನತೆಯ ಕಾಯ್ದೆ ಬಂದ ಮೇಲೆ ಫೋಟೋ ಕಡ್ಡಾಯ ಅನ್ನುವ ಕಾಲ ಹೋಯಿತು. ಆದರೂ ಜನ ಹಾಕುತ್ತಾರೆ. ಅರ್ಜಿಗೆ ಬೇಕಾದ ಫೋಟೋ ತೆಗೆದುಕೊಡುವ ಸ್ಟುಡಿಯೋಗಳು ಈಗಲೂ ಇವೆ. ಇಂಥ ಕಡೆ ಖಾಲಿ ಚೌಕ ಕಳಿಸಿದರೆ ಓದುವವರು 'ಎಷ್ಟು ತತ್ವನಿಷ್ಠರು' ಅಂದುಕೊಳ್ಳುವುದಿಲ್ಲ. 'ಅರ್ಜಿ ಪೂರ್ತಿ ತುಂಬಿಲ್ಲ' ಅಂದುಕೊಳ್ಳುತ್ತಾರೆ. ನಟನೆ, ಮಾಡೆಲಿಂಗ್ ಥರದ ಕೆಲಸಗಳ ಬಗ್ಗೆಯಂತೂ ಹೇಳುವುದೇ ಬೇಡ, ಅಲ್ಲಿ ಫೋಟೋನೇ ಅರ್ಜಿ.

ಇನ್ನೊಂದು ಸಣ್ಣ ಉಪಯೋಗ ಇದೆ. ಪ್ಯಾನೆಲ್‌ನಲ್ಲಿ ಕೂತವರಿಗೆ ಇದು ಚೆನ್ನಾಗಿ ಗೊತ್ತು. ಬೆಳಗಿನಿಂದ ಏಳೆಂಟು ಜನರನ್ನು ಮಾತಾಡಿಸಿ ಆಗಿದೆ. ಸಂಜೆ ಸಿವಿಗಳನ್ನು ಹರಡಿಕೊಂಡು ಕೂತಾಗ ಮಾತು ಹೀಗೆ ಹೋಗುತ್ತದೆ: 'ಆ ಪ್ರಾಜೆಕ್ಟ್ ಬಗ್ಗೆ ಚೆನ್ನಾಗಿ ಹೇಳಿದರಲ್ಲ, ಅವರು ಯಾರು?' 'ಮೂರನೆಯವರಾ?' 'ಅಲ್ಲ, ಅವರು ಕನ್ನಡಕ ಹಾಕಿದ್ದರು.' ಒಬ್ಬರಿಗೆ ಹೋಗಬೇಕಾದ ಒಳ್ಳೇ ಮಾತು ಇನ್ನೊಬ್ಬರ ಲೆಕ್ಕಕ್ಕೆ ಸೇರಿಬಿಡುತ್ತದೆ. ಸಿವಿಯ ಮೇಲೆ ಮುಖ ಇದ್ದರೆ ಈ ಗೊಂದಲ ಇರುವುದಿಲ್ಲ.

ಗುರುತು ಮುಚ್ಚಿಟ್ಟರೆ ನ್ಯಾಯ ತಾನಾಗಿ ಸಿಗುತ್ತದೆ ಅನ್ನುವ ನಂಬಿಕೆಗೆ ಫ್ರಾನ್ಸ್ ಒಂದು ಪಾಠ ಕೊಟ್ಟಿದೆ. 50 ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಕಂಪನಿಗಳಿಗೆ ಹೆಸರು, ಫೋಟೋ ಇಲ್ಲದ ಸಿವಿ ಕಡ್ಡಾಯ ಅಂತ ಅಲ್ಲಿ 2006ರಲ್ಲಿ ಕಾನೂನು ಮಾಡಿದರು. ಅದನ್ನು ಜಾರಿಗೆ ತರುವ ಆದೇಶ ಬರಲೇ ಇಲ್ಲ. ಆಮೇಲೆ ಒಂದಿಷ್ಟು ಕಂಪನಿಗಳಲ್ಲಿ ಪ್ರಯೋಗ ಮಾಡಿ ನೋಡಿದರು. ಫಲಿತಾಂಶ ಉಲ್ಟಾ ಬಂತು. ವಲಸಿಗರ ಮಕ್ಕಳಿಗೆ, ಹಿಂದುಳಿದ ಬಡಾವಣೆಗಳವರಿಗೆ ಇಂಟರ್‌ವ್ಯೂ ಕರೆ ಮೊದಲಿಗಿಂತ ಕಡಿಮೆಯಾಯಿತು. ಪ್ರಯೋಗಕ್ಕೆ ತಾವಾಗಿ ಒಪ್ಪಿದ ಕಂಪನಿಗಳು ಅಂಥವರ ಬಗ್ಗೆ ಮೊದಲೇ ಒಳ್ಳೇ ಮನಸ್ಸಿದ್ದವು ಇರಬೇಕು. ಸಿವಿಯಲ್ಲಿ ಒಂದೆರಡು ವರ್ಷ ಖಾಲಿ ಇದ್ದರೂ 'ಇವರ ಕಷ್ಟ ಬೇರೆ' ಅಂತ ಅರ್ಥ ಮಾಡಿಕೊಳ್ಳುತ್ತಿದ್ದವು ಅಂತ ಕಾಣುತ್ತದೆ. ಗುರುತು ಹೋದ ಮೇಲೆ ಉಳಿದದ್ದು ಖಾಲಿ ವರ್ಷ ಮಾತ್ರ. 2015ರಲ್ಲಿ ಕಡ್ಡಾಯ ಅನ್ನುವುದನ್ನೇ ತೆಗೆದರು.

ಹಾಕುವುದಾದರೆ ನೆಟ್ಟಗೆ ಹಾಕಿ. ಮದುವೆ ಮನೆಯ ಗ್ರೂಪ್ ಫೋಟೋದಿಂದ ಕತ್ತರಿಸಿ, ಪಕ್ಕದವರ ಭುಜ ಉಳಿದುಕೊಂಡಿರುವ ಫೋಟೋ ಬೇಡ. ಎಐ ಆ್ಯಪ್‌ನಲ್ಲಿ ಕೋಟು ತೊಡಿಸಿ ಹತ್ತು ವರ್ಷ ಚಿಕ್ಕವರಾಗುವುದೂ ಬೇಡ. ಬಾಗಿಲಲ್ಲಿ ನಿಂತವರಿಗೂ ಫೋಟೋದವರಿಗೂ ಹೋಲಿಕೆ ಇಲ್ಲದಿದ್ದರೆ, ಉಳಿದ ಪುಟದಲ್ಲಿ ಬರೆದದ್ದರ ಮೇಲೂ ಅನುಮಾನ ಶುರುವಾಗುತ್ತದೆ.

ವಿರೋಧ: ಮೊದಲು ಓದಲಿ, ಆಮೇಲೆ ನೋಡಲಿ

'ಹೇಗೂ ನೋಡುತ್ತಾರೆ' ಸರಿ. ಯಾವಾಗ ನೋಡುತ್ತಾರೆ? ಇಡೀ ಜಗಳ ಇರುವುದೇ ಅಲ್ಲಿ.

ಜಾನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಅನ್ನುವ ಮನಶ್ಶಾಸ್ತ್ರ ಸಂಶೋಧಕರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರಿಚಯವಿಲ್ಲದವರ ಮುಖವನ್ನು 100 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ ತೋರಿಸಿದರೂ ಸಾಕು, ನೋಡಿದವರು 'ಇವರನ್ನು ನಂಬಬಹುದು', 'ಇವರು ಸಮರ್ಥರು' ಅಂತ ತೀರ್ಮಾನ ಮಾಡಿಬಿಡುತ್ತಿದ್ದರು. ಜಾಸ್ತಿ ಹೊತ್ತು ತೋರಿಸಿದಾಗ ತೀರ್ಮಾನ ಅಷ್ಟೇನೂ ಬದಲಾಗಲಿಲ್ಲ. ತಮ್ಮ ತೀರ್ಮಾನದ ಮೇಲಿನ ಭರವಸೆ ಹೆಚ್ಚಾಯಿತು. ಈಗ ಸಿವಿ ನೆನೆಸಿಕೊಳ್ಳಿ. ಮೊದಲ ಪುಟ, ಮೇಲಿನ ಮೂಲೆ, ಹೆಸರಿನ ಪಕ್ಕದಲ್ಲೇ ಮುಖ. ಮೊದಲ ಸಾಲು ಓದುವಷ್ಟರಲ್ಲಿ ಒಂದು ಅಭಿಪ್ರಾಯ ಬಂದು ಕೂತಿರುತ್ತದೆ. ಆಮೇಲಿನ ಓದೆಲ್ಲ ಅದಕ್ಕೆ ಸಾಕ್ಷಿ ಹುಡುಕುವುದಕ್ಕೆ.

ಲಿಂಕ್ಡ್‌ಇನ್‌ನಲ್ಲಿ ನೋಡುತ್ತಾರಲ್ಲ ಅನ್ನಬಹುದು. ನೋಡಲಿ. 'ಸಿವಿ ಸ್ವಲ್ಪ ಹಿಡಿಸಿದರೆ' ನೋಡುತ್ತಾರೆ ಅಂತ ಮೇಲೆಯೇ ಬರೆದಾಗಿದೆ. ಅಂದರೆ ಕೆಲಸದ ವಿಷಯ ಓದಿ, ಮೆಚ್ಚಿ, ಆಮೇಲೆ. ನೂರಾರು ಅರ್ಜಿಗಳನ್ನು ಹತ್ತಿಪ್ಪತ್ತಕ್ಕೆ ಇಳಿಸುವ ಮೊದಲ ಜರಡಿ ಅಷ್ಟರಲ್ಲಿ ಮುಗಿದಿರುತ್ತದೆ. ಎದುರಿಗೆ ಕೂತಾಗ ಮುಖದ ಜೊತೆ ಮಾತೂ ಇರುತ್ತದೆ, ತಪ್ಪು ಅನಿಸಿಕೆ ತಿದ್ದುವ ಅವಕಾಶ ಇರುತ್ತದೆ. ಕಾಗದದ ಮೇಲಿನ ಫೋಟೋಗೆ ಬಾಯಿಲ್ಲ. ಭೇದ ಮಾಡುವವರ ಇಂಟರ್‌ವ್ಯೂ ತಪ್ಪಿದರೆ ನಮ್ಮ ದಿನ ಉಳಿಯಿತು ಅನ್ನುವ ಸಮಾಧಾನವೂ ನನಗೆ ಒಪ್ಪಿಗೆಯಿಲ್ಲ. ಮಾತು ಕೇಳಿ ಮನಸ್ಸು ಬದಲಿಸುವವರು ಬೇಕಾದಷ್ಟು ಜನ ಇದ್ದಾರೆ.

ಇದೆಲ್ಲ ಬರೀ ಊಹೆಯಲ್ಲ, ಅರ್ಜಿ ಹಾಕಿಯೇ ನೋಡಿದವರಿದ್ದಾರೆ. ಜರ್ಮನಿಯಲ್ಲಿ ಡೋರಿಸ್ ವೈಕ್ಸೆಲ್‌ಬೌಮರ್ ಅನ್ನುವ ಅರ್ಥಶಾಸ್ತ್ರಜ್ಞೆ ಒಂದೇ ಮಟ್ಟದ ಓದು, ಅನುಭವ ತೋರಿಸುವ ಅರ್ಜಿಗಳನ್ನು ಕಂಪನಿಗಳಿಗೆ ಕಳಿಸಿದರು. ಫೋಟೋದಲ್ಲಿದ್ದದ್ದು ಒಬ್ಬಳೇ ಹುಡುಗಿ. ಬದಲಾಗಿದ್ದು ಎರಡೇ ವಿಷಯ: ಹೆಸರು ಮತ್ತು ತಲೆಯ ಮೇಲಿನ ಬಟ್ಟೆ. ಜರ್ಮನ್ ಹೆಸರಿಗೆ 18.8% ಅರ್ಜಿಗಳಿಗೆ ಇಂಟರ್‌ವ್ಯೂ ಕರೆ ಬಂತು. ತುರ್ಕಿ ಹೆಸರು ಹಾಕಿದಾಗ 13.5%. ಅದೇ ತುರ್ಕಿ ಹೆಸರಿನ ಜೊತೆ ತಲೆಗೆ ಸ್ಕಾರ್ಫ್ ಇದ್ದ ಫೋಟೋ ಹಾಕಿದಾಗ 4.2%. ಹೆಸರಿನಿಂದ ಒಂದು ಪೆಟ್ಟು ಬೀಳುತ್ತದೆ, ನಿಜ. ಆದರೆ 13.5ರಿಂದ 4.2ಕ್ಕೆ ಇಳಿಸಿದ್ದು ಸ್ಕಾರ್ಫ್. ಅದು ಕಂಪನಿಗೆ ಕಂಡದ್ದು ಫೋಟೋ ಇದ್ದದ್ದರಿಂದಲೇ. 'ನಾವು ಆರಿಸಿದ ಫೋಟೋ' ಅನ್ನುವವರು ಹೇಳಲಿ, ಆ ಹುಡುಗಿ ಯಾವ ಫೋಟೋ ಆರಿಸಬೇಕಿತ್ತು?

ಇಸ್ರೇಲಿನಲ್ಲಿ ನಡೆದ ಇನ್ನೊಂದು ಪ್ರಯೋಗ ಸ್ವಲ್ಪ ವಿಚಿತ್ರವಾಗಿದೆ. ಬ್ರಾಡ್ಲಿ ರಫಲ್, ಝೀವ್ ಶ್ಟುಡಿನರ್ ಅನ್ನುವ ಇಬ್ಬರು 2,656 ಕೆಲಸಗಳಿಗೆ ಜೋಡಿ ಜೋಡಿಯಾಗಿ ಸಿವಿ ಕಳಿಸಿದರು. ಒಂದರಲ್ಲಿ ಫೋಟೋ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ನೋಡೋಕೆ ಚೆನ್ನಾಗಿರುವ ಗಂಡಸರಿಗೆ 19.9% ಉತ್ತರ ಬಂತು. ಸಾಧಾರಣ ರೂಪದವರಿಗೆ 13.7%. ಫೋಟೋ ಹಾಕದವರಿಗೆ 9.2%. ಇಲ್ಲಿಗೆ ನಿಲ್ಲಿಸಿದರೆ ಪರವಾದಿಗಳು ಚಪ್ಪಾಳೆ ತಟ್ಟಬಹುದು. ಹೆಂಗಸರ ಲೆಕ್ಕ ಉಲ್ಟಾ. ಫೋಟೋ ಹಾಕದವರಿಗೇ ಎಲ್ಲರಿಗಿಂತ ಜಾಸ್ತಿ, 16.6%. ಸಾಧಾರಣ ರೂಪದವರಿಗೆ 13.6%, ಚೆಲುವೆಯರಿಗೆ 12.8%. ಸಿವಿ ನೋಡುವವರಲ್ಲಿ ಹೆಂಗಸರೇ ಹೆಚ್ಚು, ಅದಕ್ಕೇ ಹೊಟ್ಟೆಕಿಚ್ಚು ಅನ್ನುವುದು ಸಂಶೋಧಕರ ವಿವರಣೆ. ನನಗೆ ಅದು ಅಷ್ಟು ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ. 'ಇಷ್ಟು ಚೆನ್ನಾಗಿದ್ದಾಳೆ, ಫೋಟೋ ತೋರಿಸಿ ಕೆಲಸ ಗಿಟ್ಟಿಸೋಕೆ ನೋಡ್ತಿದ್ದಾಳೆ' ಅನ್ನುವ ಹಳೇ ಅನುಮಾನವೂ ಇರಬಹುದು. ಕಾರಣ ಏನೇ ಇರಲಿ, ಆ ಅಂಕಿಗಳಲ್ಲಿ ಒಂದಕ್ಕೂ ಆ ಜನರ ಕೆಲಸದ ಜೊತೆ ಸಂಬಂಧ ಇಲ್ಲ.

ಅಮೆರಿಕದಲ್ಲಿ ಈ ಪಾಠ ಬೇಗ ಕಲಿತರು. 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಹುಟ್ಟಿದ ಸಮಾನ ಉದ್ಯೋಗಾವಕಾಶ ಆಯೋಗ, ಅರ್ಜಿದಾರರ ಫೋಟೋ ಕೇಳಬೇಡಿ ಅಂತ ಕಂಪನಿಗಳಿಗೆ ಹೇಳುತ್ತದೆ. ಗುರುತಿಗೆ ಬೇಕಿದ್ದರೆ ಆಫರ್ ಕೊಟ್ಟು, ಅವರು ಒಪ್ಪಿದ ಮೇಲೆ ತೆಗೆದುಕೊಳ್ಳಿ ಅನ್ನುತ್ತದೆ. ಅರ್ಜಿಗೆ ಫೋಟೋ ಅಂಟಿಸುವುದು ಗಟ್ಟಿ ರೂಢಿಯಾಗಿದ್ದ ದಕ್ಷಿಣ ಕೊರಿಯಾದಲ್ಲೂ 2017ರಲ್ಲಿ ಸರ್ಕಾರಿ ಸಂಸ್ಥೆಗಳ ಅರ್ಜಿಯಿಂದ ಫೋಟೋ ತೆಗೆದರು. ರೂಢಿ ಬದಲಾಗುವುದಿಲ್ಲ ಅಂತೇನಿಲ್ಲ.

ಫ್ರಾನ್ಸಿನ ಕಥೆ ಬಗ್ಗೆ ಒಂದು ಮಾತು. ಅಲ್ಲಿ ಮುಚ್ಚಿದ್ದು ಹೆಸರು, ವಿಳಾಸ, ವಯಸ್ಸು ಎಲ್ಲಾ. ಬರೀ ಫೋಟೋ ತೆಗೆದರೆ ಏನಾಗುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ. ಮೊದಲೇ ಒಳ್ಳೇ ಮನಸ್ಸಿದ್ದ ಕಂಪನಿಗಳ ಫಲಿತಾಂಶವನ್ನು ಎಲ್ಲರಿಗೂ ಹಚ್ಚುವುದೂ ಸರಿಯಲ್ಲ.

ತಾಂತ್ರಿಕ ಕಿರಿಕಿರಿಯೂ ಇದೆ. ದೊಡ್ಡ ಕಂಪನಿಗಳಲ್ಲಿ ಸಿವಿಯನ್ನು ಮನುಷ್ಯರಿಗಿಂತ ಮೊದಲು ಸಾಫ್ಟ್‌ವೇರ್ ಓದುವುದುಂಟು. ಅದಕ್ಕೆ ಬೇಕಾದದ್ದು ಅಕ್ಷರ. ಫೋಟೋ ಕೂರಿಸೋಕೆ ಅಂತ ಎರಡು ಕಾಲಂ ಮಾಡಿ, ಟೆಕ್ಸ್ಟ್ ಬಾಕ್ಸ್ ಹಾಕಿ, ಅದರೊಳಗೆ ಫೋನ್ ನಂಬರ್ ಬರೆದರೆ ಆ ನಂಬರೇ ಕಾಣೆಯಾಗಬಹುದು, ಅಥವಾ ಹಿಂದಿನ ಕೆಲಸದ ತಾರೀಖಿನ ಜೊತೆ ಅಂಟಿಕೊಳ್ಳಬಹುದು. ಪರೀಕ್ಷೆ ಮಾಡುವುದು ಸುಲಭ. ಪಿಡಿಎಫ್ ತೆರೆದು, ಎಲ್ಲಾ ಸೆಲೆಕ್ಟ್ ಮಾಡಿ, ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ ನೋಡಿ. ಅಲ್ಲಿ ಕಲಸಿಹೋಗಿದ್ದರೆ ಸಾಫ್ಟ್‌ವೇರ್‌ಗೂ ಬಹುಶಃ ಹಾಗೇ ಕಾಣುತ್ತದೆ.

ಪ್ಯಾನೆಲ್ ಮರೆಯುತ್ತದೆ ಅನ್ನುವುದು ಅರ್ಜಿದಾರರ ತಲೆನೋವಲ್ಲ. ಇಂಟರ್‌ವ್ಯೂ ಮುಗಿದ ಕೂಡಲೇ ಮೂರು ಸಾಲು ಬರೆದಿಟ್ಟುಕೊಂಡರೆ ಆಯಿತು. ನಕಲಿ ಅಭ್ಯರ್ಥಿಗಳನ್ನು ಹಿಡಿಯೋಕೆ ಫೋಟೋ ಬೇಕು ಅನ್ನುವವರೂ ಇದ್ದಾರೆ. ಆನ್‌ಲೈನ್ ಇಂಟರ್‌ವ್ಯೂಗಳಲ್ಲಿ ಡೀಪ್‌ಫೇಕ್ ವಿಡಿಯೋ ಬಳಸುತ್ತಿದ್ದಾರೆ ಅಂತ ಅಮೆರಿಕದ ಎಫ್‌ಬಿಐ 2022ರಲ್ಲೇ ಎಚ್ಚರಿಸಿತ್ತು. ವಿಡಿಯೋದಲ್ಲಿ ಮುಖ ಬದಲಿಸುವವರಿಗೆ ಸಿವಿಗೊಂದು ಫೋಟೋ ಮಾಡಿಕೊಳ್ಳುವುದು ಯಾವ ಲೆಕ್ಕ?

ಒಂದನ್ನು ಮಾತ್ರ ನಾನು ಒಪ್ಪಲೇಬೇಕು. ಎಲ್ಲರೂ ಹಾಕುವ ಕಡೆ ಒಬ್ಬರೇ ಬಿಟ್ಟರೆ, ಬಿಟ್ಟವರಿಗೇ ನಷ್ಟ. ಆ 9.2% ನೆನಪಿದೆಯಲ್ಲ? ಚೌಕ ಇರುವ ಫಾರಂ ಸಿಕ್ಕರೆ, ಕೆಲಸ ಬೇಕಿದ್ದರೆ, ಹಾಕಿ. ಅದಕ್ಕೆ ನಾಚಿಕೆ ಬೇಡ. ಚೌಕ ಇಲ್ಲದಿದ್ದರೆ, ಯಾರೂ ಕೇಳದಿದ್ದರೆ, ನಾವೇ ಸುಮ್ನೆ ಅಂಟಿಸುವುದು ಬೇಡ.

ನನ್ನ ತಕರಾರು ಇರುವುದು ಫಾರಂ ಮಾಡುವವರ ಜೊತೆ. ಐಡಿ ಕಾರ್ಡ್ ಮಾಡಿಸೋಕೆ ಸೇರಿದ ದಿನ ಹೇಗೂ ಫೋಟೋ ಕೇಳುತ್ತೀರಿ. ಅವತ್ತೇ ಕೇಳಿ.