ವೋಚರ್ ಮಾರಿದ್ದು ತಪ್ಪಾ?

2020ರ ಏಪ್ರಿಲ್‌ನಲ್ಲಿ ಅಪ್ಪ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಬೇಕಿತ್ತು. ಜನವರಿಯಲ್ಲೇ ನಾಲ್ಕು ಟಿಕೆಟ್ ತೆಗೆದಿದ್ದೆ, 26,400 ರೂಪಾಯಿ. ಮಾರ್ಚ್ 25ಕ್ಕೆ ದೇಶದೊಳಗಿನ ವಿಮಾನಗಳೆಲ್ಲ ನಿಂತವು. ದುಡ್ಡು ವಾಪಸ್ ಬರಲಿಲ್ಲ, ಒಂದು ಮೇಲ್ ಬಂತು. ನಿಮ್ಮ ಹಣ ಕ್ರೆಡಿಟ್ ಶೆಲ್‌ನಲ್ಲಿದೆ, ಒಂದು ವರ್ಷದೊಳಗೆ ಪ್ರಯಾಣ ಮಾಡಿ ಅಂತ. ಕ್ರೆಡಿಟ್ ಶೆಲ್ ಅಂದರೆ ದುಡ್ಡಿನ ಬದಲು ಕೊಡುವ ವೋಚರ್, ಅದೇ ವಿಮಾನ ಕಂಪನಿಯ ಟಿಕೆಟ್‌ಗೆ ಬಳಸಬೇಕು.

ಎಲ್ಲಿಗೆ ಹೋಗುವುದು? ಅಪ್ಪನಿಗೆ ಎಪ್ಪತ್ತೆರಡು, ಸಕ್ಕರೆ ಕಾಯಿಲೆ ಬೇರೆ. ಹೊಸಿಲು ದಾಟಿಸಲೂ ಹೆದರುತ್ತಿದ್ದ ಕಾಲ ಅದು. ನನ್ನ ಸಂಬಳ ಅರ್ಧಕ್ಕೆ ಇಳಿದಿತ್ತು. ಆ ದುಡ್ಡು ಬೇಕಿದ್ದದ್ದು ಮನೆ ಬಾಡಿಗೆಗೆ, ಅಪ್ಪನ ಮಾತ್ರೆಗೆ.

ಅಕ್ಟೋಬರ್ 1ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ನಮ್ಮ ಹಾಗೆ ಲಾಕ್‌ಡೌನ್‌ಗೂ ಮೊದಲೇ ಬುಕ್ ಮಾಡಿದವರ ದುಡ್ಡನ್ನು, ಕಂಪನಿ ಕಷ್ಟದಲ್ಲಿದ್ದರೆ, 2021ರ ಮಾರ್ಚ್ 31ರವರೆಗೆ ಕ್ರೆಡಿಟ್ ಶೆಲ್ ಆಗಿ ಇಟ್ಟುಕೊಳ್ಳಬಹುದು. ಆಮೇಲೂ ಉಳಿದರೆ ವಾಪಸ್ ಕೊಡಬೇಕು. ನನಗೆ ಜೀವ ಬಂದ ಹಾಗಾದದ್ದು ಇನ್ನೊಂದು ಮಾತಿಗೆ: ಅದನ್ನು ಯಾರಿಗೆ ಬೇಕಾದರೂ ವರ್ಗಾಯಿಸಬಹುದು, ಕಂಪನಿ ಒಪ್ಪಲೇಬೇಕು.

ನವೆಂಬರ್‌ನಲ್ಲಿ ಸಹೋದ್ಯೋಗಿಯೊಬ್ಬರು ಮದುವೆಗೆಂದು ದೆಹಲಿಗೆ ಹೊರಟಿದ್ದರು. 23,000ಕ್ಕೆ ಅವರಿಗೆ ಕೊಟ್ಟೆ. ಮೂರು ವಾರ ಮೇಲ್ ಬರೆದ ಮೇಲೆ ಹೆಸರು ಬದಲಾಯಿತು.

"ಮಾರ್ಚ್‌ವರೆಗೆ ಕಾದಿದ್ದರೆ ಪೂರ್ತಿ ದುಡ್ಡು ಬರ್ತಿತ್ತಲ್ಲೋ" ಅಂದ ಅಣ್ಣ. ಔಷಧಿ ಅಂಗಡಿಯವರು ಮಾರ್ಚ್‌ವರೆಗೆ ಕಾಯುತ್ತಾರಾ? ಕಾದರೂ ಕಂಪನಿ ಇರುತ್ತದೆ ಅಂತ ಏನು ಗ್ಯಾರಂಟಿ? ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತ್ತು. ಆಮೇಲೆ 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕೂಡ ನಿಂತಿತು. ಮುಂಗಡ ದುಡ್ಡು ಕಟ್ಟಿದ ಪ್ರಯಾಣಿಕರು ಸಾಲ ಕೊಟ್ಟ ಬ್ಯಾಂಕುಗಳ ಹಿಂದೆ ಸಾಲಿನಲ್ಲಿ ನಿಲ್ಲಬೇಕಾಯಿತು.

ವೋಚರ್ ಮಾರುವುದೂ ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರಿದ ಹಾಗೆಯೇ ಅನ್ನುವವರಿದ್ದಾರೆ. ಖಂಡಿತ ಅಲ್ಲ. ಬ್ಲ್ಯಾಕ್‌ನಲ್ಲಿ ಕೊಳ್ಳುವವನು ಜಾಸ್ತಿ ತೆರುತ್ತಾನೆ. ಇಲ್ಲಿ ಮಾರುವವನೇ ಕಳೆದುಕೊಳ್ಳುತ್ತಾನೆ, ಕೊಳ್ಳುವವನಿಗೆ ಅಗ್ಗಕ್ಕೆ ಸಿಗುತ್ತದೆ. ಕಂಪನಿಗೆ ನಷ್ಟವೇನು? ದುಡ್ಡು ಆಗಲೇ ಅವರ ಕೈಯಲ್ಲಿದೆ, ಅಲ್ವಾ?

ಮೋಸ ಆಗುವುದು ನಿಜ. ನಂಬರ್ ಕೊಟ್ಟ ಮೇಲೆ ದುಡ್ಡು ಬರುವುದಿಲ್ಲ, ಒಂದೇ ವೋಚರ್ ಇಬ್ಬರಿಗೆ ಮಾರುತ್ತಾರೆ. ಗುರುತು ಪರಿಚಯ ಇಲ್ಲದವರ ಜೊತೆ ಈ ವ್ಯವಹಾರ ಬೇಡವೇ ಬೇಡ. ಆದರೆ ಅದಕ್ಕೆ ಪರಿಹಾರ ಮಾರಾಟ ನಿಲ್ಲಿಸುವುದಲ್ಲ. ಯುರೋಪಿನಲ್ಲಿ ಕಂಪನಿಯೇ ವಿಮಾನ ರದ್ದು ಮಾಡಿದರೆ, ಪ್ರಯಾಣಿಕ ಸಹಿ ಹಾಕಿ ಒಪ್ಪದೆ ವೋಚರ್ ಕೊಡುವಂತಿಲ್ಲ. ಏಳು ದಿನದಲ್ಲಿ ದುಡ್ಡು ಕೊಡಬೇಕು. ನಮ್ಮಲ್ಲಿ ಇವತ್ತಿಗೂ ಎಷ್ಟೋ ವೋಚರ್‌ಗಳ ಮೇಲೆ 'ಬೇರೆಯವರಿಗೆ ಕೊಡುವಂತಿಲ್ಲ' ಅಂತ ಇರುತ್ತದೆ. ದುಡ್ಡು ಕೊಡಲು ಆಗದಿದ್ದರೆ, ಕಂಪನಿಯ ಆ್ಯಪ್‌ನಲ್ಲೇ ಒಂದು ಒಟಿಪಿ ಹಾಕಿ ವೋಚರ್‌ನ ಹೆಸರು ಬದಲಾಯಿಸಲು ಬಿಡಲಿ. ಅಷ್ಟು ಕೇಳುವುದು ಜಾಸ್ತಿ ಅಂತ ನನಗೆ ಅನಿಸುವುದಿಲ್ಲ.