ನೊರೆಯ ನಷ್ಟವನ್ನು ನಮ್ಮ ಕೂಲಿಯಲ್ಲಿ ಮುರಿದುಕೊಳ್ಳುವುದು ಯಾವ ನ್ಯಾಯ?

ಬಯಲಿನಲ್ಲಿ ನಡೆಯುವ ಸಂಗೀತೋತ್ಸವಗಳ ಬಾರ್ ಕೌಂಟರಿನಲ್ಲಿ ದುಡಿಯುವವರ ದಿನಗೂಲಿಯಿಂದ ‘ಶಾರ್ಟೇಜ್’ ಎಂಬ ಹೆಸರಿನಲ್ಲಿ ಹಣ ಮುರಿದುಕೊಳ್ಳುವ ಪದ್ಧತಿಯನ್ನು ಇನ್ನು ಸಹಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ. ಕಳೆದ ವಾರಾಂತ್ಯ ದೇವನಹಳ್ಳಿ ರಸ್ತೆಯ ಕಡೆಯ ಮೈದಾನವೊಂದರಲ್ಲಿ ನಡೆದ ಉತ್ಸವದ ಲೆಕ್ಕ ಚುಕ್ತಾ ಆಗಿ ಕೈಗೆ ಬಂದಾಗ, ಮಾತಾಡಿಕೊಂಡಿದ್ದ ಕೂಲಿಯಲ್ಲಿ ಮೂರರಲ್ಲಿ ಒಂದು ಪಾಲು ಇರಲೇ ಇಲ್ಲ. ಕಾರಣ ಕೇಳಿದ್ದಕ್ಕೆ ಕಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್ ಕೊಟ್ಟ ಉತ್ತರ ಇಷ್ಟೇ: “ನಿಮ್ಮ ಕೌಂಟರಲ್ಲಿ ಬಿಯರ್ ಶಾರ್ಟ್ ಬಂದಿದೆ, ಎಲ್ಲರಿಗೂ ಹಂಚಿ ಕಟ್ ಮಾಡಿದೀವಿ.”

ಆ ‘ಶಾರ್ಟ್’ ಎಲ್ಲಿಂದ ಬರುತ್ತದೆ ಎಂಬುದು ಕೌಂಟರಿನಲ್ಲಿ ಒಂದು ಸಂಜೆ ನಿಂತವರಿಗೆಲ್ಲ ಗೊತ್ತಿರುವ ಸಂಗತಿ. 30 ಲೀಟರಿನ ಕೆಗ್ ಒಂದನ್ನು, ಅಂದರೆ ಬಿಯರ್ ತುಂಬಿ ಬರುವ ಲೋಹದ ಪೀಪಾಯಿಯನ್ನು, 330 ಮಿಲಿಲೀಟರಿನ ಲೋಟದ ಲೆಕ್ಕದಲ್ಲಿ ಭಾಗಿಸಿದರೆ 90 ಲೋಟಗಳಾಗುತ್ತವೆ. ಆಯೋಜಕರ ಕಂಪ್ಯೂಟರಿನಲ್ಲಿ ಇರುವುದೂ ಅದೇ 90. ಆದರೆ ಬಿಯರ್ ಮೂರು ನಾಲ್ಕು ಡಿಗ್ರಿಯಷ್ಟು ತಣ್ಣಗಿದ್ದರೆ ಮಾತ್ರ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಕರಗಿಕೊಂಡಿರುತ್ತದೆ. ಕೆಗ್ ಬಿಸಿಯೇರಿದ್ದರೆ ಅಥವಾ ಕುಲುಕಿದ್ದರೆ, ನಲ್ಲಿ ಎಳೆದ ಕೂಡಲೇ ಅದೆಲ್ಲ ನೊರೆಯಾಗಿ ಉಕ್ಕಿ ಬರುತ್ತದೆ. ನಮ್ಮ ಕೆಗ್‌ಗಳು ಬಂದದ್ದು ಸುಡುಬಿಸಿಲಿನಲ್ಲಿ, ಮೇಲ್ಹೊದಿಕೆಯೂ ಇಲ್ಲದ ಗೂಡ್ಸ್ ಗಾಡಿಯಲ್ಲಿ, ಹಳ್ಳದಿಣ್ಣೆಗಳ ಮೈದಾನವನ್ನು ದಾಟಿಕೊಂಡು. ಅವು ನೆರಳಿನಲ್ಲಿ ಕೆಲವು ಗಂಟೆಯಾದರೂ ತಣ್ಣಗಾಗಿ ನಿಲ್ಲಬೇಕಿತ್ತು. ಇಳಿಸಿದ ಸ್ವಲ್ಪ ಹೊತ್ತಿಗೇ ಗೇಟು ತೆರೆಯಿತು. ಸಾಲದ್ದಕ್ಕೆ, ಜನರೇಟರಿಗೆ ಹೊರೆ ಹೆಚ್ಚಾದಾಗಲೆಲ್ಲ ಮೊದಲು ಆರಿಸುತ್ತಿದ್ದುದು ಬಿಯರನ್ನು ತಣ್ಣಗಿಡುವ ನಮ್ಮ ಕೂಲರನ್ನು, ಏಕೆಂದರೆ ವೇದಿಕೆಯ ದೀಪ ಆರಿದರೆ ಸಾವಿರಾರು ಜನ ಕೂಗುತ್ತಾರೆ, ಕೂಲರ್ ಆರಿದರೆ ಕೌಂಟರಿನ ಹಿಂದಿನ ನಾಲ್ಕು ಜನ ಮಾತ್ರ ಕೂಗಬೇಕು.

ಟ್ಯಾಪಿನ ಕೆಳಗೆ ನಾವು ಒಂದು ನೀಲಿ ಬಕೆಟ್ ಇಟ್ಟುಕೊಂಡಿರುತ್ತೇವೆ. ಲೋಟ ಓರೆ ಹಿಡಿದು ನಲ್ಲಿ ಎಳೆದರೆ ಮುಕ್ಕಾಲು ಲೋಟ ಬಿಳಿ ನೊರೆ ತುಂಬುತ್ತದೆ. ಅದನ್ನು ಬಕೆಟ್ಟಿಗೆ ಸುರಿದು ಮತ್ತೆ ಹಿಡಿಯಬೇಕು, ಮತ್ತೆ ಸುರಿಯಬೇಕು. ಹತ್ತು ನಿಮಿಷದಲ್ಲಿ ಆ ನೊರೆ ಇಳಿದು ಬಕೆಟ್ಟಿನಲ್ಲಿ ಹಳದಿ ನೀರಾಗಿ ನಿಂತಿರುತ್ತದೆ, ಮತ್ತು ಅದು ನಿಜವಾದ ಬಿಯರೇ, ಯಾರೂ ಕದ್ದು ಕುಡಿದದ್ದಲ್ಲ. ಬಕೆಟ್ ತುಂಬಿದಾಗ ಡೇರೆಯ ಹಿಂದೆ ಚೆಲ್ಲಿ ಬರುತ್ತೇವೆ. ಎಷ್ಟು ಚೆಲ್ಲಿದೆವು ಎಂದು ಬರೆಯಲು ಅವರು ಕೊಟ್ಟ ಪುಸ್ತಕದಲ್ಲಿ ಒಂದು ಕಲಂ ಕೂಡ ಇಲ್ಲ. ಹೀಗೆ ಚೆಲ್ಲಿಹೋದದ್ದನ್ನು ಮರುದಿನ ನಮ್ಮ ತಲೆಗೆ ಕಟ್ಟುತ್ತಾರೆ.

ಗ್ರಾಹಕರಿಗೂ ನಾವೇ ಕಳ್ಳರು. ನೊರೆ ಇಳಿದು ಲೋಟ ಅರ್ಧವಾದರೆ “ಏನು ಗುರು, ಇಷ್ಟು ದುಡ್ಡು ಕೊಟ್ಟು ನೊರೆ ಕುಡಿಯಬೇಕಾ?” ಎಂದು ಕೇಳುತ್ತಾರೆ, ಹಾಗೆ ಕೇಳುವವರು ಸಭ್ಯರು, ಉಳಿದವರ ಮಾತನ್ನು ಇಲ್ಲಿ ಬರೆಯಲಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಬೆಲೆ ಕಡಿಮೆಯೇನಲ್ಲ. ಆದ್ದರಿಂದಲೇ ನಾವು ಲೋಟ ತುಂಬಿಸಿ ಕೊಡುತ್ತೇವೆ, ಮತ್ತು ಹಾಗೆ ತುಂಬಿಸಿದಷ್ಟೂ ನಮ್ಮ ಕಡಿತ ಹೆಚ್ಚುತ್ತದೆ. ಗಿರಾಕಿಗೆ ನ್ಯಾಯ ಮಾಡಿದರೆ ನಮ್ಮ ಕೂಲಿಗೆ ಕತ್ತರಿ, ಕೂಲಿ ಉಳಿಸಿಕೊಳ್ಳಲು ಹೊರಟರೆ ಗಿರಾಕಿಗೆ ಮೋಸ.

ರಾತ್ರಿ ಒಂಬತ್ತರ ನಂತರದ ಸ್ಥಿತಿಯನ್ನಂತೂ ಕಂಡವರೇ ಬಲ್ಲರು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ, ವಿಶೇಷ ವಿನಾಯಿತಿ ಇಲ್ಲದಿದ್ದರೆ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಇದು ಒಳ್ಳೆಯ ನಿಯಮವೇ, ಸುತ್ತಲಿನ ಹಳ್ಳಿಗಳ ಜನ ಮಲಗಬೇಕು. ಆದರೆ ಹತ್ತಕ್ಕೆ ಎಲ್ಲ ಮುಗಿಯುತ್ತದೆ ಎಂದು ಮೊದಲೇ ಗೊತ್ತಿದ್ದರೂ ಆ ಕೊನೆಯ ಒಂದು ಗಂಟೆಗೆ ಆಯೋಜಕರು ಒಬ್ಬ ಆಳನ್ನೂ ಹೆಚ್ಚಿಗೆ ಇಡುವುದಿಲ್ಲ. ಮೊದಲೇ ಹಣ ತುಂಬಿಸಿ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಕೈಪಟ್ಟಿಯಲ್ಲಿ ಉಳಿದದ್ದನ್ನು ಮುಗಿಸಿಬಿಡಬೇಕೆಂದು ಜನ ಒಟ್ಟಿಗೇ ನುಗ್ಗುತ್ತಾರೆ, ಅಷ್ಟು ಮೊಬೈಲುಗಳು ಒಂದೇ ಕಡೆ ಸೇರಿ ನೆಟ್‌ವರ್ಕ್ ಕೈಕೊಡುತ್ತದೆ, ಕೈಪಟ್ಟಿಗೆ ಹಣ ತುಂಬಿಸಲು ಮಾಡಿದ ಯುಪಿಐ ಪಾವತಿ ಹೋಯಿತೋ ಇಲ್ಲವೋ ತಿಳಿಯದೆ ಅವರು ನಮ್ಮ ಮೇಲೆ ರೇಗುತ್ತಾರೆ. ಯಂತ್ರ ಒಮ್ಮೆ ‘ವಿಫಲ’ ಎಂದು ತೋರಿಸಿ ಆಮೇಲೆ ಹಣ ಕಡಿತವಾದರೆ ಅದಕ್ಕೂ ಉತ್ತರ ಹೇಳಬೇಕಾದವರು ನಾವೇ. ನಗದು ಇಲ್ಲದ ಈ ವ್ಯವಸ್ಥೆ ಬಂದ ಮೇಲೆ ಟಿಪ್ಸ್ ಎಂಬುದೂ ನಿಂತುಹೋಗಿದೆ. ಪ್ರೀತಿಯಿಂದ ಹತ್ತು ರೂಪಾಯಿ ಕೊಡಬೇಕೆಂದವರ ಜೇಬಿನಲ್ಲಿಯೂ ನೋಟಿರುವುದಿಲ್ಲ.

ಇದರ ನಡುವೆ ವಯಸ್ಸಿನ ತಪಾಸಣೆಯೂ ನಮ್ಮದೇ. 21 ತುಂಬದವರಿಗೆ ಮದ್ಯ ಕೊಡಬಾರದು. ಆ ಗೆರೆಯನ್ನು 18ಕ್ಕೆ ಇಳಿಸಲು ಸರ್ಕಾರ 2023ರಲ್ಲಿ ಕರಡು ಹೊರಡಿಸಿ ಜನರ ವಿರೋಧಕ್ಕೆ ಮಣಿದು ಹಿಂದೆಗೆದುಕೊಂಡಿತು. ಗೇಟಿನಲ್ಲಿಯೇ ಗುರುತಿನ ಚೀಟಿ ನೋಡಿ ಬೇರೆ ಬಣ್ಣದ ಪಟ್ಟಿ ಕಟ್ಟಿದರೆ ಮುಗಿಯುವ ಕೆಲಸವನ್ನು, ಕಿವಿಗಡಚಿಕ್ಕುವ ಸದ್ದಿನಲ್ಲಿ, ಒದ್ದೆ ಕೈಯಲ್ಲಿ, ಮೊಬೈಲಿನ ಮಸುಕು ಫೋಟೊ ನೋಡಿ ನಾವು ಮಾಡಬೇಕು. ಕೊಡುವುದಿಲ್ಲ ಎಂದರೆ ಜಗಳ, ಕೊಟ್ಟು ಸಿಕ್ಕಿಬಿದ್ದರೆ ಅಬಕಾರಿಯವರ ಮುಂದೆ ನಿಲ್ಲುವವರು ನಾವು.

ಇಷ್ಟೆಲ್ಲವನ್ನೂ ಕೆಲಸದ ಭಾಗವೆಂದು ಒಪ್ಪಿಕೊಳ್ಳಬಲ್ಲೆ. ಕಡಿತವನ್ನು ಮಾತ್ರ ಒಪ್ಪಲಾರೆ, ಏಕೆಂದರೆ ಅದು ಕಾನೂನಿಗೇ ವಿರುದ್ಧ. ನಷ್ಟಕ್ಕೆ ಕಾರ್ಮಿಕನ ನಿರ್ಲಕ್ಷ್ಯವೇ ನೇರ ಕಾರಣವಾಗಿದ್ದರೆ ಮಾತ್ರ, ಅದೂ ಅವನ ಸಮಜಾಯಿಷಿ ಕೇಳಿದ ನಂತರವೇ, ಕೂಲಿಯಲ್ಲಿ ಮುರಿಯಬಹುದೆಂದು 1936ರ ವೇತನ ಪಾವತಿ ಕಾಯಿದೆ ಹೇಳಿತ್ತು; 2025ರ ನವೆಂಬರಿನಲ್ಲಿ ಜಾರಿಗೆ ಬಂದ 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಬಿಸಿಲಿನಲ್ಲಿ ಕೆಗ್ ತಂದವನು ನಾನಲ್ಲ, ಕೂಲರ್ ಆರಿಸಿದವನೂ ನಾನಲ್ಲ, ಮತ್ತು ಯಾರೂ ನನ್ನ ಸಮಜಾಯಿಷಿ ಕೇಳಲಿಲ್ಲ. ವೇತನ ಚೀಟಿ ಕೊಡಬೇಕೆಂದೂ ಅದೇ ಸಂಹಿತೆಯಲ್ಲಿದೆ. ನಮಗೆ ಬರುವುದು ಒಂದು ವಾಟ್ಸ್‌ಆ್ಯಪ್ ಸಂದೇಶ: ಜಾಗದ ಲೊಕೇಶನ್, ಹೊತ್ತು, ಕಪ್ಪು ಶರ್ಟ್ ಹಾಕಿಕೊಂಡು ಬರಬೇಕೆಂಬ ಸೂಚನೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ಮೆಟ್ಟಿಲು ಹತ್ತಿದರೂ ತೋರಿಸಲು ಇರುವ ಕಾಗದ ಅದೊಂದೇ. ಆಯೋಜಕರನ್ನು ಕೇಳಿದರೆ ಕಂಟ್ರಾಕ್ಟರನ್ನು ಕೇಳಿ ಎನ್ನುತ್ತಾರೆ, ಕಂಟ್ರಾಕ್ಟರ್ ಆಯೋಜಕರ ಲೆಕ್ಕದತ್ತ ಬೆರಳು ತೋರಿಸುತ್ತಾನೆ. ರಾಜ್ಯವು 2025ರಲ್ಲಿ ಗಿಗ್ ಕಾರ್ಮಿಕರಿಗೆಂದು ತಂದ ಕಾನೂನು ಆ್ಯಪ್‌ಗಳ ಮೂಲಕ ದುಡಿಯುವವರಿಗೆ ಮಾತ್ರ. ಮೈದಾನದಿಂದ ಮೈದಾನಕ್ಕೆ ಅಲೆಯುವ ನಮ್ಮಂಥವರು ಅದರೊಳಗೆ ಇಲ್ಲ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಪುಸ್ತಕದಲ್ಲಿ ಚೆಲ್ಲಿದ ಬಿಯರಿಗೆ ಒಂದು ಕಲಂ ಇರಲಿ, ಬಕೆಟ್ ಚೆಲ್ಲುವ ಮುನ್ನ ಸೂಪರ್‌ವೈಸರ್ ಅಳತೆ ನೋಡಿ ಸಹಿ ಹಾಕಲಿ, ಕೆಗ್‌ಗಳು ಬೆಳಗ್ಗೆಯೇ ಬಂದು ತಣ್ಣಗಾಗಲಿ. ಮುರಿದುಕೊಂಡ ಹಣವನ್ನು ಹಿಂದಿರುಗಿಸುವವರೆಗೆ ಮುಂದಿನ ವಾರದ ಕೆಲಸಕ್ಕೆ ನಮ್ಮ ಕೌಂಟರಿನವರು ಯಾರೂ ಹೆಸರು ಕೊಡುವುದಿಲ್ಲವೆಂದು ಸೋಮವಾರವೇ ಬರೆದು ಕಳಿಸಿದ್ದೇವೆ. ಸಂದೇಶ ಓದಿದ ಗುರುತು ಬಿದ್ದಿದೆ. ಉತ್ತರ ಇನ್ನೂ ಬಂದಿಲ್ಲ.